ಶೇಂಗಾನಾ ಬಾದಾಮಿನಾ, ಬಾಳೆನಾ ಚಿಕ್ಕುನಾ: ಸ್ಮೂದಿಗೆ ಯಾವ್ದು ಹಾಕ್ಬೇಕು?

ನಮ್ ದಾವಣಗೆರೆಲಿ ಬೆಣ್ಣೆ ಅಂದ್ರೆ ದೋಸೆ ಮೇಲೆ ಕರಗೋದು, ಅಷ್ಟೇ. ಹೋದ ವರ್ಷದ ತನಕ ನಮ್ಮನೇಲೂ ಹಂಗೇ ಇತ್ತು. ಅಕ್ಕನ ಮಗ ಇಲ್ಲಿ ಇಂಜಿನಿಯರಿಂಗ್ ಸೇರ್ಕಂಡು ನಮ್ ಜೊತೆನೇ ಇದಾನೆ, ಜಿಮ್ಮಿಗೆ ಹೋಗಕ್ ಶುರು ಮಾಡಿ ಮೂರ್ ದಿನ ಆಗಿರ್ಲಿಲ್ಲ, "ಮಾಮ, ಆಲ್ಮಂಡ್ ಬಟರ್ ಬೇಕು, ಸ್ಮೂದಿ ಮಾಡ್ಕಬೇಕು" ಅಂದ. ಆಲ್ಮಂಡ್ ಬಟರ್ ಅಂದ್ರೆ ಬಾದಾಮಿನ ನುಣ್ಣಗೆ ಅರ್ದು ಮಾಡಿದ ಬೆಣ್ಣೆ, ಸ್ಮೂದಿ ಅಂದ್ರೆ ಹಣ್ಣು ಹಾಲು ಹಾಕಿ ಗಟ್ಟಿಯಾಗಿ ರುಬ್ಬಿದ್ದು. ತಂದ್ಕೊಟ್ಟೆ. ಬೆಲೆ ಎಷ್ಟು ಅಂತ ಮನೇಲಿ ಹೇಳ್ಲಿಲ್ಲ, ಆದ್ರೆ ನಮ್ಮವ್ವ ಜಾರಿನ ಮೇಲಿನ ಸ್ಟಿಕ್ಕರ್ ಓದ್ಬಿಟ್ಲು. ಮುಚ್ಚಳ ತೆಗ್ದು ಮೂಸಿ ನೋಡಿ "ಈ ಹಿಂಡಿಗೆ ಇಷ್ಟು ದುಡ್ಡು ಕೊಟ್ಟೇನೋ, ಚಳ್ಳಕೆರೆಲಿ ಎಮ್ಮೆಗೆ ಹಾಕ್ತಾರೆ" ಅಂದ್ಲು. ಅವ್ವನ ತವರು ಚಳ್ಳಕೆರೆ ಕಡೆ, ಎಣ್ಣೆ ಮಿಲ್ಲು ನೋಡ್ಕಂಡೇ ಬೆಳ್ದೋಳು, ಅವಳಿಗೆ ಕಾಳು ಅರ್ದು ಎಣ್ಣೆ ಬಿಟ್ಟಿದ್ದೆಲ್ಲ ಹಿಂಡಿನೇ.

ಆ ಒಂದು ಜಾರಿಂದ ಶುರುವಾಗಿದ್ದು ಈಗ ನಮ್ಮನೇಲಿ ವಾರಕ್ಕೆ ನಾಕೈದು ದಿನ ಸ್ಮೂದಿ ಆಗೋ ಮಟ್ಟಕ್ಕೆ ಬಂದೈತೆ. ಶೇಂಗಾ, ಬಾದಾಮಿ, ಗೋಡಂಬಿ, ಎಳ್ಳು ಎಲ್ಲಾ ಅರ್ದು ನೋಡಿದೀನಿ, ಮಾರ್ಕೆಟ್ಟಲ್ಲಿ ಸಿಗೋ ಹಣ್ಣೆಲ್ಲ ಹಾಕಿ ನೋಡಿದೀನಿ, ಒಂದೆರಡು ಸಲ ಸಿಂಕಿಗೂ ಚೆಲ್ಲಿದೀನಿ. ಯಾವ್ದು ತಗಬೇಕು ಅಂತ ಕೇಳೋರು ಜಾಸ್ತಿ ಆಗ್ಯಾರೆ, ಅದಕ್ಕೆ ಒಂದೇ ಸಲ ಬರ್ದಿಡ್ತೀನಿ.

ಎಲ್ಲಾದ್ಕಿಂತ ಮುಂಚೆ ಒಂದ್ ಮಾತು. ಇದು ಜ್ಯೂಸ್ ಅಲ್ರಿ, ತಿಂಡಿ. ಒಂದು ಪಚ್ಚಬಾಳೆ ನೂರು ಚಿಲ್ರೆ ಕ್ಯಾಲೊರಿ, 200 ಎಂಎಲ್ ನೀಲಿ ಪ್ಯಾಕೆಟ್ ಹಾಲು ಸುಮಾರು 120, ಎರಡು ಟೇಬಲ್ ಸ್ಪೂನ್ ಶೇಂಗಾ ಬೆಣ್ಣೆ 190, ಇಷ್ಟಕ್ಕೇ 400 ದಾಟ್ತು. ಸಕ್ಕರೆ ಇನ್ನೂ ಬಿದ್ದೇ ಇಲ್ಲ. ಬೆಳಗ್ಗೆ ಎರಡು ಬೆಣ್ಣೆ ದೋಸೆ ಹೊಡ್ದು ಅದ್ರ ಮೇಲೆ "ಹೆಲ್ತಿ" ಅಂತ ಇದನ್ನ ಒಂದು ಗ್ಲಾಸ್ ಕುಡುದ್ರೆ ಹೊಟ್ಟೆ ಬರ್ದೆ ಇನ್ನೇನ್ ಬರುತ್ತೆ, ನಾನೇ ಮೊದಲ ತಿಂಗಳು ಹಂಗೆ ಮಾಡಿ ಎರಡು ಕೆಜಿ ಏರ್ಸಿದ್ದೆ. ತಿಂಡಿ ಬದ್ಲು ಕುಡೀರಿ, ಇಲ್ಲಾಂದ್ರೆ ಸಂಜೆ ಮಂಡಕ್ಕಿ ಮೆಣಸಿನಕಾಯಿ ಬದ್ಲು ಕುಡೀರಿ (ಇದು ಕಷ್ಟ, ಗೊತ್ತು ನಂಗೆ).

ಮೊದ್ಲು ಬೆಣ್ಣೆ ಆರಿಸ್ಕಳ್ರಿ

ಎಲ್ರೂ ಕೇಳೋದು ಇದೇ, ಬಾದಾಮಿ ಒಳ್ಳೇದಾ ಶೇಂಗಾ ಒಳ್ಳೇದಾ ಅಂತ. ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಾ ಒಂದೇ ರೀ, ಶೇಂಗಾ ಬಾದಾಮಿ ಗೋಡಂಬಿ ಯಾವ್ದೇ ತಗಳ್ರಿ, ಎರಡು ಸ್ಪೂನಿಗೆ ಅಂದ್ರೆ 32 ಗ್ರಾಮಿಗೆ 190-200 ಕ್ಯಾಲೊರಿ. "ಬಾದಾಮಿ ತಿಂದ್ರೆ ದಪ್ಪ ಆಗಲ್ಲ, ಶೇಂಗಾ ತಿಂದ್ರೆ ಆಗ್ತೀವಿ" ಅನ್ನೋದು ಸುಳ್ಳು. ಪ್ರೋಟೀನಲ್ಲಿ ಶೇಂಗಾ ಒಂದು ಕೂದಲೆಳೆ ಮುಂದೆನೇ ಐತೆ, 7 ಗ್ರಾಂ ಸಿಗುತ್ತೆ, ಬಾದಾಮಿಲಿ ಅದಕ್ಕಿಂತ ಸ್ವಲ್ಪ ಕಮ್ಮಿ, ಗೋಡಂಬಿಲಿ 5ರ ಆಸುಪಾಸು. ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ತೊಗರಿ ಕಡ್ಲೆ ಜಾತಿಗೆ ಸೇರಿದ್ದು, ಡ್ರೈಫ್ರೂಟ್ ಅಲ್ವೇ ಅಲ್ಲ, ಅದಕ್ಕೇ ಪ್ರೋಟೀನ್ ಜಾಸ್ತಿ.

ಬಾದಾಮಿ ಗೆಲ್ಲೋದು ಬೇರೆ ಕಡೆ. ವಿಟಮಿನ್ ಇ ಚೆನ್ನಾಗೈತೆ, ಎರಡು ಸ್ಪೂನ್ ಬಾದಾಮಿ ಬೆಣ್ಣೇಲಿ ದಿನಕ್ಕೆ ಬೇಕಾದ್ರಲ್ಲಿ ಅರ್ಧ ಬಂದ್ಬಿಡುತ್ತೆ, ನಾರು 3 ಗ್ರಾಂ ಮೇಲೆ, ಕ್ಯಾಲ್ಸಿಯಂ 100 ಮಿಲಿಗ್ರಾಂ ಮೇಲೆ. ಶೇಂಗಾದಲ್ಲಿ ಕ್ಯಾಲ್ಸಿಯಂ ಹೇಳ್ಕಳೋ ಅಷ್ಟು ಇಲ್ಲ. ಆದ್ರೆ ಅದೇ ಗ್ಲಾಸಿಗೆ ಹಾಲು ಬೀಳ್ತೈತಲ್ಲ, 200 ಎಂಎಲ್ ಹಾಲಲ್ಲೇ 200 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಐತೆ, ಆಮೇಲೆ ಬಾದಾಮಿ ಕೊಡೋ ನೂರಕ್ಕೋಸ್ಕರ ಐದಾರು ಪಟ್ಟು ದುಡ್ಡು ಯಾಕೆ ಕೊಡ್ಬೇಕು? ಹಾಲು ಮೊಸರು ಮುಟ್ಟದೇ ಇರೋರಾದ್ರೆ ಮಾತ್ರ ಬಾದಾಮಿಗೆ ಅರ್ಥ ಐತೆ. ನಾನು ಈ ಸಲ ಮಂಡಿಪೇಟೆಲಿ ತಂದಾಗ ಶೇಂಗಾ ಬೀಜ ಕೆಜಿಗೆ 140 ರೂಪಾಯಿ, ಬಾದಾಮಿ 800ರ ಮೇಲೆ. ಬಾದಾಮಿ ಕ್ಯಾಲಿಫೋರ್ನಿಯಾದಿಂದ ಹಡಗಲ್ಲಿ ಬರ್ಬೇಕು, ಶೇಂಗಾ ಚಳ್ಳಕೆರೆಯಿಂದ ಲಾರೀಲಿ ಬರುತ್ತೆ.

ಗೋಡಂಬಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ರುಚಿ ಅದ್ಭುತ, ಐಸ್ ಕ್ರೀಮ್ ತರ ನುಣ್ಣಗೆ ಬರುತ್ತೆ, ಮಿಕ್ಸಿಗೂ ಕಷ್ಟ ಇಲ್ಲ, ಆದ್ರೆ ಪ್ರೋಟೀನ್ ಕಮ್ಮಿ ನಾರು ಕಮ್ಮಿ ಪಿಷ್ಟ ಜಾಸ್ತಿ. ನೆಂಟ್ರು ಬಂದಾಗ ಮಾಡ್ರಿ.

ಎಳ್ಳನ್ನ ಯಾರೂ ಲೆಕ್ಕಕ್ಕೇ ತಗಳಲ್ಲ, ಅದೇ ಬೇಜಾರು. ಸಿಪ್ಪೆ ಸಮೇತ ಇರೋ ಎಳ್ಳಲ್ಲಿ 100 ಗ್ರಾಮಿಗೆ 900 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಐತೆ. ಅದೆಲ್ಲಾ ಮೈಗೆ ಹತ್ತಲ್ಲ, ಸಿಪ್ಪೇಲಿರೋ ಆಕ್ಸಲೇಟು ಒಂದಿಷ್ಟನ್ನ ಹಿಡ್ಕಂಡು ಬಿಡುತ್ತೆ, ಆದ್ರೂ ಕಮ್ಮಿ ಏನಲ್ಲ. ತೊಂದ್ರೆ ಏನಂದ್ರೆ ಒಂದು ಟೀ ಸ್ಪೂನ್ ದಾಟಿದ್ರೆ ಕಹಿ. ಹಂಗಾಗಿ ನಾನು ಎಳ್ಳನ್ನ ಒಂದೇ ಅರೆಯಲ್ಲ, ಶೇಂಗಾ ಅರಿಯುವಾಗ ಒಂದು ಕಪ್ಪಿಗೆ ಎರಡು ಸ್ಪೂನ್ ಹುರಿದ ಎಳ್ಳು ಸೇರಿಸ್ತೀನಿ, ಎಳ್ಳುಂಡೆ ವಾಸನೆ ಬರುತ್ತೆ. ಅಗಸಿನೂ ಹಂಗೇ, ಒಂದು ಸ್ಪೂನ್ ಹುರ್ದು ಪುಡಿ ಮಾಡಿ ಹಾಕಿದ್ರೆ ಶೇಂಗಾದಲ್ಲಿ ಇಲ್ದಿರೋ ಒಮೇಗಾ-3 ಅನ್ನೋ ಒಳ್ಳೇ ಕೊಬ್ಬು ಸಿಗುತ್ತೆ, ಆದ್ರೆ ಇಡೀ ಕಾಳು ಹಾಕ್ಬೇಡ್ರಿ, ಅದು ಹೊಟ್ಟೆಗೆ ಹೆಂಗೆ ಹೋಗಿತ್ತೋ ಹಂಗೇ ಹೊರಗೆ ಬರುತ್ತೆ.

ಅಂದ್ರೆ ನನ್ ಓಟು ಶೇಂಗಾಗೇ, ಅದೂ ಮನೇಲಿ ಅರ್ದಿದ್ದಕ್ಕೆ.

ಅಂಗಡಿ ಜಾರಾ, ಮನೆ ಮಿಕ್ಸಿನಾ

ಅಂಗಡಿ ಜಾರೆಲ್ಲ ಕೆಟ್ಟದ್ದು ಅಂತ ಅಲ್ಲ. ತಗಳೋ ಮುಂಚೆ ಹಿಂದೆ ತಿರುಗಿಸಿ ಇಂಗ್ರಿಡಿಯಂಟ್ಸ್ ಓದ್ರಿ, ಮುಂದೆ ಬರ್ದಿರೋದು ಜಾಹೀರಾತು. ಜಾಸ್ತಿ ಇರೋದು ಮೊದ್ಲು ಬರುತ್ತೆ, ಕಮ್ಮಿ ಇರೋದು ಕೊನೆಗೆ. ಶೇಂಗಾ ಆದ್ಮೇಲೆ ಎರಡನೇ ಹೆಸರೇ ಸಕ್ಕರೆ ಇದ್ರೆ ಅಲ್ಲೇ ಇಟ್ಟು ಬರ್ರಿ. ಇನ್ನೊಂದು ಹೈಡ್ರೋಜಿನೇಟೆಡ್ ಎಣ್ಣೆ (ಡಾಲ್ಡಾ ತರ ಗಟ್ಟಿ ಮಾಡಿದ್ದು) ಇಲ್ಲಾ ಪಾಮ್ ಎಣ್ಣೆ, ಅದನ್ನ ಯಾಕೆ ಹಾಕ್ತಾರೆ ಅಂದ್ರೆ ಎಣ್ಣೆ ಮೇಲೆ ತೇಲದೇ ಇರ್ಲಿ ಅಂತ. ನಾವು ಉಲ್ಟಾ ತಿಳ್ಕಂತೀವಿ, ಎಣ್ಣೆ ತೇಲಿದ್ರೆ ಹಾಳಾಗೈತೆ ಅಂತ. ಬರೀ ಶೇಂಗಾ ಅರ್ದಿದ್ದು ಎರಡು ದಿನ ಇಟ್ರೆ ಎಣ್ಣೆ ತೇಲ್ಲೇಬೇಕು, ಕಾಳಲ್ಲೇ ಹೆಚ್ಚೂಕಮ್ಮಿ ಅರ್ಧ ಎಣ್ಣೆ ಐತಲ್ಲ, ಸ್ಪೂನಲ್ಲಿ ತಿರುವಿದ್ರೆ ಸರಿ ಹೋಗುತ್ತೆ. ಅಮೆರಿಕದಲ್ಲಿ ಪೀನಟ್ ಬಟರ್ ಅಂತ ಹೆಸರಿಟ್ಟು ಮಾರ್ಬೇಕಂದ್ರೆ 90 ಪರ್ಸೆಂಟ್ ಶೇಂಗಾ ಇರ್ಲೇಬೇಕು ಅಂತ ಕಾನೂನು ಐತೆ, ನೀವೂ ಅದೇ ಗೆರೆ ಇಟ್ಕಳ್ರಿ, ಜಾರ್ ಮೇಲೆ ಶೇಂಗಾ ಎಷ್ಟು ಪರ್ಸೆಂಟ್ ಅಂತ ಬರ್ದಿರುತ್ತೆ, 90ಕ್ಕಿಂತ ಕೆಳಗೆ ಇದ್ರೆ ಅದು ಚಾಕ್ಲೇಟಿನ ತಮ್ಮ ಅಷ್ಟೇ.

ಮನೇಲಿ ಮಾಡೋದಕ್ಕೆ ಬರೋಣ. ಮೊದ್ಲನೇ ಸಲ ನಾನು ಮಾಡಿದ ಕಥೆ ಕೇಳ್ರಿ, ಭಾನುವಾರ ಬೆಳಗ್ಗೆ ಅರ್ಧ ಕೆಜಿ ಶೇಂಗಾ ಒಂದೇ ಸಲ ದೊಡ್ಡ ಜಾರಿಗೆ ಸುರ್ದು ಬಿಡದಂಗೆ ಐದು ನಿಮಿಷ ಓಡಿಸಿದೆ, ಸುಟ್ಟ ವಾಸನೆ ಬಂತು, ಟಪ್ ಅಂತ ನಿಂತೋಯ್ತು. ಮನೆಯೋಳು ಮಾತಾಡ್ಲಿಲ್ಲ, ಮಿಕ್ಸಿ ಕಡೆ ನೋಡಿದ್ಲು, ನನ್ ಕಡೆ ನೋಡಿದ್ಲು. ರಿಪೇರಿಯೋನ ಹತ್ರ ತಗಂಡೋದ್ರೆ ಅವನು ತಿರುಗಿಸಿ ತಳದಲ್ಲಿರೋ ಕೆಂಪು ಬಟನ್ ಒತ್ತಿ "ಓವರ್‌ಲೋಡ್ ಸಾರ್, ಹೋಗ್ರಿ" ಅಂದ, ದುಡ್ಡೂ ತಗಳ್ಲಿಲ್ಲ. ನಿಮ್ ಮಿಕ್ಸಿ ತಳದಲ್ಲೂ ಅದು ಇರ್ಬೋದು, ನೋಡಿಟ್ಕಳ್ರಿ, ಮಿಕ್ಸಿ ತಣ್ಣಗಾದ್ಮೇಲೆ ಒತ್ಬೇಕು.

ಈಗ ಹೆಂಗೆ ಮಾಡ್ತೀನಿ ಅಂದ್ರೆ, ಒಂದು ಸಲಕ್ಕೆ ಒಂದು ಕಪ್ಪು ಅಷ್ಟೇ, ಚಟ್ನಿ ಜಾರಲ್ಲಿ. ಶೇಂಗಾ ಮೊದ್ಲು ಮೊರದಲ್ಲಿ ಹಾಕಿ ಆರಿಸ್ಬೇಕು, ಕರ್ರಗಾಗಿದ್ದು ಮುರುಟಿದ್ದು ಬೂಷ್ಟು ಹಿಡ್ದಿದ್ದು ಎಲ್ಲಾ ತೆಗೀರಿ, ಇದ್ರಲ್ಲಿ ಮಾತ್ರ ಸೋಮಾರಿತನ ಬೇಡ, ಬೂಷ್ಟು ಹಿಡ್ದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರ್ಬೋದು, ಅದು ಲಿವರಿಗೆ ಕೆಟ್ಟದ್ದು, ಹುರಿದ್ರೆ ಪೂರ್ತಿ ಹೋಗೋದೂ ಇಲ್ಲ. ಆಮೇಲೆ ದಪ್ಪ ತಳದ ಬಾಣಲೇಲಿ ಸಣ್ಣ ಉರಿಯಲ್ಲಿ ಹುರೀರಿ. ಜೋರು ಉರಿ ಇಟ್ರೆ ಮೇಲೆ ಕಪ್ಪು ಒಳಗೆ ಹಸಿ. ಸಿಪ್ಪೆ ಚಿಟಚಿಟ ಅಂತ ಬಿರಿಯುತ್ತೆ, ಒಂದು ಕಾಳು ಎರಡು ಹೋಳು ಮಾಡಿ ನೋಡಿದ್ರೆ ಒಳಗೆ ತಿಳಿ ಬಿಸ್ಕೆಟ್ ಬಣ್ಣ ಬಂದಿರ್ಬೇಕು. ಆರಕ್ಕೆ ಬಿಟ್ಟು, ಹಳೇ ಟವಲ್ಲಲ್ಲಿ ಸುತ್ತಿ ಉಜ್ಜಿ, ಕೇರಿದ್ರೆ ಸಿಪ್ಪೆ ಹಾರೋಗುತ್ತೆ. ಸಿಪ್ಪೆ ಸ್ವಲ್ಪ ಉಳುದ್ರೂ ಏನಾಗಲ್ಲ.

ಮಿಕ್ಸಿಗೆ ಹಾಕಿ ಅರ್ಧ ನಿಮಿಷ ಓಡ್ಸಿ ನಿಲ್ಸಿ, ಗೋಡೆಗೆ ಅಂಟಿದ್ದು ಕೆರೆದು ಮತ್ತೆ ಓಡ್ಸಿ. ಮೊದ್ಲು ಶೇಂಗಾ ಚಟ್ನಿಪುಡಿ ತರ ಆಗುತ್ತೆ. ಆಮೇಲೆ ಒಂದು ಉಂಡೆ ಕಟ್ಕಂಡು ಬ್ಲೇಡು ಬರೀ ಗರ್ ಅಂತ ತಿರುಗುತ್ತೆ, ಎಲ್ರೂ ಸೋಲೋದು ಇಲ್ಲೇ, "ಇದು ಆಗಲ್ಲ" ಅಂತ ಒಂದು ಸ್ಪೂನ್ ನೀರು ಹಾಕ್ಬಿಡ್ತಾರೆ. ನೀರು ಬಿದ್ರೆ ಮುಗೀತು, ನುಣ್ಣಗಾಗೋದು ಬಿಟ್ಟು ಇನ್ನೂ ಗಟ್ಟಿ ಆಗುತ್ತೆ, ಜೊತೆಗೆ ಬೇಗ ಹಾಳಾಗುತ್ತೆ. ಐದು ನಿಮಿಷ ಮಿಕ್ಸಿಗೂ ನಿಮಗೂ ರೆಸ್ಟ್ ಕೊಟ್ಟು, ಉಂಡೆ ಒಡೆದು ಮತ್ತೆ ಓಡ್ಸಿ. ಇನ್ನೆರಡು ಮೂರು ಸುತ್ತಿಗೆ ಕಾಳಿಂದ ಎಣ್ಣೆ ಬಿಟ್ಟು ತಾನಾಗೇ ಸಡ್ಲ ಆಗುತ್ತೆ, ಹೊಳಪು ಬರುತ್ತೆ, ಸ್ಪೂನಿಂದ ದೋಸೆ ಹಿಟ್ಟು ಇಳಿದಂಗೆ ಇಳಿಯುತ್ತೆ. ಚಿಟಿಕೆ ಉಪ್ಪು ಸಾಕು. ಒದ್ದೆ ಇಲ್ದಿರೋ ಗಾಜಿನ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಟ್ರೆ ಒಂದು ತಿಂಗಳು ಆರಾಮ್, ಕಮಟು ವಾಸನೆ ಬಂದ್ರೆ ಎಸೀರಿ.

ಬಾದಾಮಿಗೂ ಇದೇ ವಿಧಾನ, ಆದ್ರೆ ಡಬಲ್ ಟೈಮ್ ಬೇಕು, 500 ವ್ಯಾಟಿನ ಹಳೇ ಮಿಕ್ಸಿಲಿ ಪ್ರಯತ್ನ ಮಾಡ್ಬೇಡ್ರಿ ಅಂತ ನನ್ ಸಲಹೆ. ಅಷ್ಟೊಂದು ಆಸೆ ಇದ್ರೆ ರಾತ್ರಿ ನಾಕೈದು ಬಾದಾಮಿ ನೆನೆಸಿ ಬೆಳಗ್ಗೆ ನೇರ ಸ್ಮೂದಿಗೇ ಹಾಕಿ ಅರೀರಿ, ಕೆಲ್ಸ ಮುಗೀತು.

ಹಣ್ಣು

ಬಾಳೆಹಣ್ಣಿಂದಲೇ ಶುರು ಮಾಡ್ಬೇಕು, ಯಾಕಂದ್ರೆ ಸ್ಮೂದಿಗೆ ಗಟ್ಟಿತನ ಕೊಡೋದು ಅದೇ. ಏಲಕ್ಕಿ ಬಾಳೆನಾ ಪಚ್ಚಬಾಳೆನಾ ಅಂತ ಕೇಳಿದ್ರೆ, ಕೈಲಿಡ್ಕಂಡು ತಿನ್ನಕ್ಕೆ ಏಲಕ್ಕಿ, ಸ್ಮೂದಿಗೆ ಪಚ್ಚಬಾಳೆ. ಏಲಕ್ಕಿ ಬಾಳೆ ಚೂರು ಕಾಯಿ ಇದ್ರೂ ಹುಳಿ ಒಗರು ಬಂದ್ಬಿಡುತ್ತೆ, ಮತ್ತೆ ಒಂದು ಗ್ಲಾಸಿಗೆ ಎರಡು ಬೇಕು, ರೇಟೂ ಜಾಸ್ತಿ. ಪಚ್ಚಬಾಳೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿದ್ದು ತಗಳ್ರಿ, ಗಾಡಿಯೋರು ಅಂಥದ್ದನ್ನ ಸಂಜೆ ಮೇಲೆ ಕಮ್ಮಿಗೂ ಕೊಡ್ತಾರೆ. ಚುಕ್ಕೆ ಬಂದ ಹಣ್ಣಲ್ಲಿ ಪಿಷ್ಟ ಸಕ್ಕರೆ ಆಗಿರುತ್ತೆ, ಮೇಲೆ ಸಕ್ಕರೆ ಹಾಕೋ ಪ್ರಶ್ನೆನೇ ಇಲ್ಲ. ಡಜನ್ ತಂದು ಸಿಪ್ಪೆ ಸುಲಿದು ಹೋಳು ಮಾಡಿ ಸ್ಟೀಲ್ ತಟ್ಟೇಲಿ ಬಿಡಿಬಿಡಿಯಾಗಿ ಹರವಿ ಫ್ರೀಜರಲ್ಲಿಟ್ಟು, ಗಟ್ಟಿಯಾದ್ಮೇಲೆ ಡಬ್ಬಿಗೆ ತುಂಬಿಟ್ರೆ ವಾರ ಪೂರ್ತಿ ಚಿಂತೆ ಇಲ್ಲ, ಐಸ್ ಹಾಕಿ ನೀರು ಮಾಡ್ಕಳೋದೂ ತಪ್ಪುತ್ತೆ. ಮಿಕ್ಸಿಗೆ ಹಾಕೋ ಮುಂಚೆ ಐದು ನಿಮಿಷ ಹೊರಗಿಡಿ, ಕಲ್ಲು ತರ ಇದ್ದಾಗ ಹಾಕಿದ್ರೆ ಆ ಕೆಂಪು ಬಟನ್ ಕಥೆನೇ ಮತ್ತೆ.

ಚಿಕ್ಕು ಮತ್ತೆ ಶೇಂಗಾ, ಇದು ಯಾರೂ ಹೇಳ್ಕೊಡ್ದೆ ನಂಗೆ ಸಿಕ್ಕಿದ ಜೋಡಿ. ಚಿಕ್ಕುಲಿ ಬೆಲ್ಲದ ವಾಸನೆ ಇರುತ್ತೆ, ಹುರಿದ ಶೇಂಗಾ ಸೇರಿದ್ರೆ ಶೇಂಗಾ ಹೋಳಿಗೆ ಹೂರಣ ನೆನಪಾಗುತ್ತೆ. ನಾರೂ ಬಾಳೆಗಿಂತ ಜಾಸ್ತಿ. ಆದ್ರೆ ಪೂರ್ತಿ ಮೆತ್ತಗಾಗಿರ್ಬೇಕು, ಅರ್ಧ ಕಾಯಿ ಚಿಕ್ಕು ಹಾಕಿದ್ರೆ ನಾಲ್ಗೆ ಮೇಲೆ ಅಂಟು ಒಗರು, ಇಡೀ ಗ್ಲಾಸ್ ಹಾಳು. ಸಿಪ್ಪೆ ಬೀಜ ಎರಡೂ ತೆಗೀರಿ, ಬೀಜದ ತುದೀಲಿ ಕೊಕ್ಕೆ ಇರುತ್ತೆ, ಗಂಟ್ಲಿಗೆ ಸಿಕ್ರೆ ಕಷ್ಟ. ನನ್ ಮಗಳು ಶಾಲೆಗೆ ಹೋಗೋ ಮುಂಚೆ ತಿಂಡಿ ಅಂದ್ರೆ ಮುಖ ತಿರುಗ್ಸೋಳು, ಇದೊಂದನ್ನ ಕೊನೇ ಹನಿ ತನಕ ಕುಡೀತಾಳೆ.

ಪಪ್ಪಾಯಿ ವಿಷ್ಯದಲ್ಲಿ ಎಚ್ಚರ. ಪಪ್ಪಾಯಿ ಹಾಲು ಶೇಂಗಾ ಬೆಣ್ಣೆ ಹಾಕಿ ರುಬ್ಬಿ, ಗ್ಲಾಸಿಗೆ ಬಗ್ಸಿಟ್ಟು, ಸ್ನಾನ ಮಾಡಿ ಬಂದು ಕುಡುದ್ರೆ ಕಹಿ! ಹಾಲು ಕೆಟ್ಟಿತ್ತು ಅಂತ ಬೂತಿನೋನ ಹತ್ರ ಜಗಳಕ್ಕೆ ಹೋಗೋನಿದ್ದೆ. ತಪ್ಪು ಹಾಲಿಂದಲ್ಲ, ಪಪ್ಪಾಯಿಲಿರೋ ಪಪೇನ್ ಅನ್ನೋ ಕಿಣ್ವದ್ದು, ಅದು ಹಾಲಿನ ಪ್ರೋಟೀನನ್ನ ತುಂಡು ತುಂಡು ಮಾಡುತ್ತೆ, ಆ ತುಂಡುಗಳು ಕಹಿ. ಹಸಿ ಅನಾನಸ್ಸಲ್ಲೂ ಕಿವಿ ಹಣ್ಣಲ್ಲೂ ಇಂಥದ್ದೇ ಕಿಣ್ವ ಇರುತ್ತೆ. ಮಾಡಿದ ತಕ್ಷಣ ಕುಡುದ್ರೆ ಗೊತ್ತಾಗಲ್ಲ, ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯೋರು ಪಪ್ಪಾಯಿ ಬಿಡ್ರಿ, ಇಲ್ಲಾ ಹಾಲಿನ ಬದ್ಲು ನೀರು ಹಾಕ್ರಿ. ಕ್ಯಾಲೊರಿ ಕಮ್ಮಿ ಬೇಕು ಅನ್ನೋರಿಗೆ ಮಾತ್ರ ಇದ್ರಷ್ಟು ಒಳ್ಳೇದಿಲ್ಲ, 100 ಗ್ರಾಮಿಗೆ ನಲವತ್ತು ಚಿಲ್ರೆ ಅಷ್ಟೇ, ಬಾಳೆಯ ಅರ್ಧ.

ದಾಳಿಂಬೆ ನಮ್ ಕಡೆ ಹಣ್ಣೇ, ಹೊಸದುರ್ಗ ಹಿರಿಯೂರು ಕಡೆ ತೋಟ ಸುಮಾರು ಅದಾವೆ, ಸೀಸನ್ನಲ್ಲಿ ಗಾಡಿ ತುಂಬ ಬರ್ತಾವೆ. ಅಭಿಮಾನ ಬೇರೆ, ಸ್ಮೂದಿ ಬೇರೆ. ಬೀಜ ಮಿಕ್ಸಿಲಿ ನುರಿದು ಮರಳು ಮರಳು ಆಗುತ್ತೆ, ಒಗರು ಬಿಡುತ್ತೆ, ಶೋಧಿಸಿದ್ರೆ ನಾರು ಹೋಯ್ತು, ಮತ್ತೆ ಜ್ಯೂಸೇ ಆಯ್ತು. ನಾನು ಒಂದು ಹಿಡಿ ಕಾಳು ಮೇಲೆ ಉದುರಿಸ್ತೀನಿ ಅಷ್ಟೇ, ಕುಡೀವಾಗ ಹಲ್ಲಿಗೆ ಸಿಕ್ಕಿ ಪುಟ್ ಅನ್ನುತ್ತೆ, ಚೆನ್ನಾಗಿರುತ್ತೆ.

ಮಾವಿನಹಣ್ಣು ಸೀಸನ್ನಲ್ಲಿ ಹಾಕ್ರಿ, ಆದ್ರೆ ಶೇಂಗಾ ಜೊತೆ ಹಾಕ್ಬೇಡ್ರಿ, ಎರಡೂ ಗಟ್ಟಿ ವಾಸನೆ, ಒಂದನ್ನೊಂದು ತುಳೀತಾವೆ. ಮಾವಿಗೆ ಗೋಡಂಬಿ ಇಲ್ಲಾ ನೆನೆಸಿದ ಬಾದಾಮಿ. ಸೀತಾಫಲ ರುಚಿಲಿ ರಾಜ, ಬೀಜ ತೆಗ್ಯೋ ಅಷ್ಟೊತ್ತಿಗೆ ಕುಂದವಾಡ ಕೆರೆ ಒಂದು ರೌಂಡ್ ಹಾಕಿ ಬರ್ಬೋದು. ಜ್ಯೂಸ್ ಅಂಗಡೀಲಿ ಬಟರ್ ಫ್ರೂಟ್ ಅಂತ ಕೊಡ್ತಾರಲ್ಲ ಬೆಣ್ಣೆಹಣ್ಣು, ಅದಕ್ಕೆ ಇನ್ನೊಂದು ಬೆಣ್ಣೆ ಬೇಡ, ಅದ್ರೊಳಗೇ ಕೊಬ್ಬೈತೆ, ಎರಡು ಸೇರಿದ್ರೆ ಗ್ಲಾಸಿಂದ ಕೆಳಗೇ ಇಳಿಯಲ್ಲ.

ಪೇರಲ ಹಣ್ಣಿಗೆ ವಿಟಮಿನ್ ಸಿ ಅಂದ್ರೆ ಸಿಕ್ಕಾಪಟ್ಟೆ, 100 ಗ್ರಾಮಿಗೆ 200 ಮಿಲಿಗ್ರಾಂ ಮೇಲೆ, ಕಿತ್ತಳೆಗಿಂತ ಎಷ್ಟೋ ಜಾಸ್ತಿ. ಅವ್ವಗೆ ಶುಗರ್ ಐತೆ, ಬಾಳೆ ಚಿಕ್ಕು ಮಾವು ಎಲ್ಲಾ ಅಳತೆ ಮೇಲೆ, ಅದಕ್ಕೆ ಅವಳಿಗೆ ಅಂತ ಪೇರಲದ್ದು ಮಾಡಿದೆ, ನಡುವಿನ ಬೀಜ ತೆಗ್ದು, ಮಜ್ಜಿಗೆ, ಒಂದೇ ಸ್ಪೂನ್ ಶೇಂಗಾ ಬೆಣ್ಣೆ, ಚೂರು ಉಪ್ಪು, ಕಾಳುಮೆಣಸು. ಒಂದು ಗುಟುಕು ಕುಡ್ದು "ಇದು ಚಟ್ನಿ ಕಣೋ, ರೊಟ್ಟಿ ತಾ" ಅಂದ್ಲು. ನಿಜವಾಗ್ಲೂ ರೊಟ್ಟಿಗೆ ಹಚ್ಕಂಡು ತಿಂದ್ಲು! ಶುಗರ್ ಇರೋರು ಹಣ್ಣನ್ನ ರುಬ್ಬಿ ಕುಡಿಯೋದಕ್ಕಿಂತ ಕಚ್ಚಿ ತಿನ್ನೋದೇ ವಾಸಿ ಅಂತ ಡಾಕ್ಟ್ರು ಅವಳಿಗೆ ಹೇಳ್ಯಾರೆ, ಹಂಗಾಗಿ ನಾನೂ ಒತ್ತಾಯ ಮಾಡಕ್ಕೋಗಲ್ಲ. ಕಿಡ್ನಿ ತೊಂದ್ರೆ ಇದ್ದು ಪೊಟ್ಯಾಸಿಯಂ ಕಮ್ಮಿ ಮಾಡ್ರಿ ಅಂತ ಹೇಳಿಸ್ಕಂಡಿರೋರು ಬಾಳೆಹಣ್ಣು ಹಾಕೋ ಮುಂಚೆ ಡಾಕ್ಟ್ರನ್ನ ಕೇಳ್ರಿ.

ಹಾಲಾ ಮೊಸರಾ

ಚಳಿಗಾಲಕ್ಕೆ ಹಾಲು, ಏಪ್ರಿಲ್ ಮೇ ಬಿಸಿಲಿಗೆ ಮೊಸರು, ಇಷ್ಟೇ ನನ್ ಲೆಕ್ಕ. ನೀಲಿ ಪ್ಯಾಕೆಟ್ ಅಂದ್ರೆ ಟೋನ್ಡ್ ಹಾಲು, 3 ಪರ್ಸೆಂಟ್ ಕೊಬ್ಬು, ಅದೇ ಸಾಕು, ಬೆಣ್ಣೆ ಬೀಳ್ತಿರುವಾಗ ಕೆನೆ ಹಾಲು ಯಾಕೆ. ಕಾಯ್ಸಿ ಫ್ರಿಜ್ಜಲ್ಲಿಟ್ಟು ತಣ್ಣಗಾಗಿರ್ಬೇಕು. ಮೊಸರಾದ್ರೆ ಮುಕ್ಕಾಲು ಮೊಸರು ಕಾಲು ನೀರು, ಬರೀ ಮೊಸರು ಹಾಕಿದ್ರೆ ಸ್ಪೂನಲ್ಲಿ ತಿನ್ಬೇಕು. ಚಿಕ್ಕುಗೆ ಹಾಲೇ ಸರಿ, ಮೊಸರು ಹೊಂದಲ್ಲ, ಬಾಳೆಗೆ ಎರಡೂ ನಡಿಯುತ್ತೆ. ಎಳನೀರು ಹಾಕಿ ಅಂತ ಬಹಳ ಜನ ಹೇಳ್ತಾರೆ, ಮಾಡಿ ನೋಡಿದೆ, ತೆಳ್ಳಗೆ ಉಪ್ಪುಪ್ಪು, ಎಳನೀರನ್ನ ಎಳನೀರಾಗೇ ಕುಡೀರಿ. ಹಿಂದಿನ ದಿನದ ರಾಗಿ ಅಂಬಲಿ ಅರ್ಧ ಲೋಟ ಇದ್ರೆ ಹಾಕಿ ನೋಡ್ರಿ, ಹಾಲು ಕಮ್ಮಿ ಸಾಕು, ಹೊಟ್ಟೆ ಮಧ್ಯಾಹ್ನದ ತನಕ ಕೇಳಲ್ಲ, ಬಣ್ಣ ಮಾತ್ರ ಮಣ್ಣಿನ ತರ.

ಸಿಹಿ ಬೇಡ. ಹಣ್ಣು ಹಣ್ಣಾಗಿದ್ರೆ ಬೇಕಾಗಲ್ಲ. "ಸಕ್ಕರೆ ಹಾಕಲ್ಲ, ಜೇನು ಹಾಕ್ತೀನಿ" ಅಂತ ಹೆಮ್ಮೆ ಪಡೋರು ಒಂದು ಗೊತ್ತು ಮಾಡ್ಕಳ್ರಿ, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಮಿತಿ ಹೇಳಿದಾಗ ಜೇನುತುಪ್ಪನ್ನೂ ಅದೇ ಲೆಕ್ಕಕ್ಕೆ ಸೇರ್ಸೈತೆ, ಒಟ್ಟು ಕ್ಯಾಲೊರೀಲಿ 10 ಪರ್ಸೆಂಟಿಗಿಂತ ಕಮ್ಮಿ ಇರ್ಬೇಕು, ಸಾಧ್ಯ ಆದ್ರೆ 5ಕ್ಕಿಂತ ಕಮ್ಮಿ ಅಂತ. ಬೆಲ್ಲಕ್ಕೂ ವಿನಾಯ್ತಿ ಇಲ್ಲ. ಬೇಕೇ ಬೇಕಂದ್ರೆ ಒಂದೆರಡು ಖರ್ಜೂರ ಬಿಸಿನೀರಲ್ಲಿ ನೆನೆಸಿ ಹಾಕ್ರಿ, ಸಿಹಿ ಜೊತೆ ಸ್ವಲ್ಪ ನಾರಾದ್ರೂ ಬರುತ್ತೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಹಾಕಿದ್ದು ನೆಕ್ಕಿಸ್ಲೂಬೇಡ್ರಿ, ಅದು ಅಪಾಯ.

ಸ್ಪೂನಿನ ಗೊಂದ್ಲ

ಒಂದು ವಿಷ್ಯ ನಾನು ತಡವಾಗಿ ಕಂಡ್ಕಂಡೆ. ಅಡುಗೆ ತಕ್ಕಡಿ ತಂದು ನಮ್ಮನೆ ಊಟದ ಚಮಚದಲ್ಲಿ ಗೋಪುರ ಮಾಡಿ ತೆಗ್ದ ಶೇಂಗಾ ಬೆಣ್ಣೆ ತೂಗಿದ್ರೆ 27 ಗ್ರಾಂ. ಪುಸ್ತಕದ ಟೇಬಲ್ ಸ್ಪೂನ್ 16 ಗ್ರಾಂ. ಅಂದ್ರೆ "ಎರಡು ಸ್ಪೂನ್" ಅಂತ ನಾನು ಹಾಕ್ತಿದ್ದಿದ್ದು ಮೂರಕ್ಕಿಂತ ಜಾಸ್ತಿ, ದಿನಾ ನೂರಮೂವತ್ತು ಕ್ಯಾಲೊರಿ ಎಕ್ಸ್‌ಟ್ರಾ. ಬಾದಾಮಿನಾ ಶೇಂಗಾನಾ ಅಂತ ತಲೆ ಕೆಡಿಸ್ಕಳೋದಕ್ಕಿಂತ ಇದನ್ನ ಸರಿ ಮಾಡ್ಕಂಡ್ರೆ ಜಾಸ್ತಿ ಲಾಭ. ಜಿಮ್ ಹುಡುಗ್ರಿಗೆ ಎರಡು ಅಳತೆ ಸ್ಪೂನ್, ಕುರ್ಚಿ ಮೇಲೆ ಕುಂತು ಕೆಲ್ಸ ಮಾಡೋ ನನ್ನಂಥೋರಿಗೆ ಒಂದು.

ಹುಡುಗನ ಗ್ಲಾಸು ಹಿಂಗಿರುತ್ತೆ: ಪಚ್ಚಬಾಳೆ ಒಂದು, ಹಾಲು 250 ಎಂಎಲ್, ಎಳ್ಳು ಸೇರಿಸಿದ ಶೇಂಗಾ ಬೆಣ್ಣೆ ಎರಡು ಸ್ಪೂನ್, ಓಟ್ಸ್ ಮೂರು ಸ್ಪೂನ್. ಪ್ರೋಟೀನ್ 18 ಗ್ರಾಂ ಹತ್ರ ಬರುತ್ತೆ, "ಸಾಲಲ್ಲ ಮಾಮ, ಪೌಡರ್ ಬೇಕು" ಅಂತಾನೆ, ಮೊದ್ಲು ನಿಮ್ಮಜ್ಜಿ ಮಾಡೋ ಹೆಸರುಕಾಳು ಪಲ್ಯ ಪೂರ್ತಿ ತಿನ್ನು ಆಮೇಲೆ ನೋಡೋಣ ಅಂದಿದೀನಿ. ನಂದು ಮೊಸರು, ಅರ್ಧ ಬಾಳೆ, ಒಂದು ತುಂಡು ಪಪ್ಪಾಯಿ, ಒಂದು ಸ್ಪೂನ್ ಬೆಣ್ಣೆ, ನಿಂತ್ಕಂಡೇ ಕುಡ್ದು ಮುಗಿಸ್ತೀನಿ, ಕಹಿ ಆಗಕ್ಕೆ ಟೈಮ್ ಕೊಡಲ್ಲ.

ಹಾಕೋ ಕ್ರಮಾನೂ ಐತೆ, ಮೊದ್ಲು ಹಾಲು, ಆಮೇಲೆ ಬೆಣ್ಣೆ, ಕೊನೆಗೆ ಹಣ್ಣು. ಬೆಣ್ಣೆ ಮೊದ್ಲು ಹಾಕಿದ್ರೆ ಬ್ಲೇಡ್ ಕೆಳಗೆ ಅಂಟ್ಕಂಡು ಕೂರುತ್ತೆ, ಮೇಲಿನ ಸ್ಮೂದಿಲಿ ಶೇಂಗಾನೇ ಇರಲ್ಲ. ಮನೆಗೆ ಬಂದ ಮಕ್ಕಳಿಗೆ ಕೊಡೋ ಮುಂಚೆ ಶೇಂಗಾ ಅಲರ್ಜಿ ಐತಾ ಅಂತ ಅವರ ಅಮ್ಮನ್ನ ಕೇಳ್ರಿ, ನಮ್ ಕಡೆ ಅಪರೂಪ ಅನ್ಸುತ್ತೆ, ಇದ್ದೋರಿಗೆ ಒಂದು ಚೂರೂ ಡೇಂಜರ್. ಕುಡ್ದ ತಕ್ಷಣ ಜಾರಿಗೆ ಒಂದು ಲೋಟ ಬಿಸಿನೀರು, ಎರಡು ಹನಿ ಸೋಪ್ ಹಾಕಿ ಅರ್ಧ ನಿಮಿಷ ಓಡಿಸ್ಬಿಡ್ರಿ, ಒಣಗಿದ್ಮೇಲೆ ಉಜ್ಜಿ ನೋಡ್ರಿ ಆಗ ಗೊತ್ತಾಗುತ್ತೆ.

ಆ ಬಾದಾಮಿ ಬೆಣ್ಣೆ ಮುಗ್ದು ಎಷ್ಟೋ ತಿಂಗಳಾಯ್ತು, ಇನ್ನೊಂದು ತರ್ಲಿಲ್ಲ, ಹುಡುಗನೂ ಕೇಳ್ಲಿಲ್ಲ. ಜಾರ್ ಮಾತ್ರ ಒಳ್ಳೇ ಗಾಜಿಂದು, ಅವ್ವ ತೊಳೆದು ಹುಣಸೆಹಣ್ಣು ತುಂಬಿಟ್ಟಾಳೆ, ಬೆಲೆಯ ಸ್ಟಿಕ್ಕರ್ ಮಾತ್ರ ಕೀಳಕ್ಕೆ ಬಿಡಲ್ಲ.